ಒಂದು ಸೆಂಟು, ಕೈಯಿಂದ ಕೈಗೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಕೆಲಸ. ಈ ನಾಣ್ಯವನ್ನು ಮೊದಲ ಸಾಲಿನಿಂದ ಕಳಿಸುತ್ತಿದ್ದೇನೆ. ಕೈಯಿಂದ ಕೈಗೆ ಹಿಂದಿನ ಸಾಲಿನವರೆಗೂ ಹೋಗಲಿ. ಅಂಚು ಹಿಡಿದುಕೊಳ್ಳಿ, ಮುಖಕ್ಕೆ ಬೆರಳು ತಾಗಿಸಬೇಡಿ. ಜೊತೆಗೆ ಭೂತಗನ್ನಡಿಯೂ ಬರುತ್ತದೆ. ಮಕ್ಕಳೇ, ಈ ನಾಣ್ಯದ ಹಿಂಬದಿಯಲ್ಲಿ ಮೂರು ತಪ್ಪುಗಳಿವೆ. ಹುಡುಕಿ ನೋಡಿ.

ಇದು 1801ರ ಅಮೆರಿಕದ ಒಂದು ಸೆಂಟು. ಅಪ್ಪಟ ತಾಮ್ರ. ಲಕ್ಷ್ಮೀಪೂಜೆಗೆ ಇಡುವ ಹಳೆಯ ಬೆಳ್ಳಿ ರೂಪಾಯಿ ಇದೆಯಲ್ಲ, ಅದಕ್ಕಿಂತ ಒಂಚೂರು ಚಿಕ್ಕದು. ತೂಕ ಹೆಚ್ಚುಕಡಿಮೆ ಅಷ್ಟೇ. ಇಂಥ ದೊಡ್ಡ ಸೆಂಟುಗಳನ್ನು 1793ರಿಂದ 1857ರವರೆಗೆ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಮಾಡಿದರು. ನಾನು ಕೂಡಿಡುವುದು ಇವನ್ನೇ.

ಮೊದಲ ಸೆಂಟಿನ ಹಿಂಬದಿಯಲ್ಲಿ ಹದಿನೈದು ರಾಜ್ಯಗಳಿಗೆ ಹದಿನೈದು ಕೊಂಡಿಗಳ ಸರಪಳಿ ಇತ್ತು. ಒಗ್ಗಟ್ಟು ಅಂತ ತೋರಿಸುವುದು ಮಾಡಿದವರ ಮನಸ್ಸಿನಲ್ಲಿತ್ತು. ಒಂದು ಕಡೆ ಸ್ವಾತಂತ್ರ್ಯ ಅಂತ ಬರೆದು ಇನ್ನೊಂದು ಕಡೆ ಸರಪಳಿ ಹಾಕುವುದಾ ಅಂತ ಜನ ಮೂಗು ಮುರಿದರು. 36,103 ನಾಣ್ಯ ಆದ ಮೇಲೆ ಸರಪಳಿ ಹೋಯಿತು, ಎಲೆಗಳ ಹಾರ ಬಂತು. ಆ ಸರಪಳಿ ಸೆಂಟು ನನ್ನ ಹತ್ತಿರ ಇಲ್ಲ. ಅಷ್ಟು ದುಡ್ಡೂ ಇಲ್ಲ. ಆದರೆ ಇನ್ನೊಬ್ಬ ಸಂಗ್ರಾಹಕರ ಮನೆಯಲ್ಲಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೇನೆ. ಅವರು ಕೊಟ್ಟರು, ನಾನು ನೋಡಿದೆ. ಇವತ್ತು ನನಗೆ ಹೇಳಬೇಕಾಗಿರುವುದು ಈ ಕೊಟ್ಟು ನೋಡುವ ವಿಷಯವೇ.

ಹುಡುಕಿದಿರಾ ತಪ್ಪುಗಳನ್ನು? ಕೆಳಗಡೆ ನೂರರಲ್ಲಿ ಒಂದು ಅನ್ನುವ ಭಿನ್ನರಾಶಿ ಇರಬೇಕು. ಅಲ್ಲಿ ಒಂದರ ಕೆಳಗೆ ಮೂರು ಸೊನ್ನೆ ಇದೆ. ಹಾರದ ಎರಡು ತುದಿಯಲ್ಲೂ ತೊಟ್ಟು ಇರಬೇಕು, ಎಡಗಡೆಯದು ಇಲ್ಲ. ಇನ್ನು ಯುನೈಟೆಡ್ ಅನ್ನುವ ಪದದ ಯು ನೋಡಿ, ಪಕ್ಕಪಕ್ಕ ನಿಂತ ಎರಡು ಗೀಟುಗಳ ಹಾಗೆ ಕಾಣುತ್ತದೆ.

ಯಾಕೆ ಹೀಗೆ? ಆಗ ಅಚ್ಚುಗಳನ್ನು ಕೈಯಲ್ಲೇ ಮಾಡುತ್ತಿದ್ದರು. ಒಂದೊಂದು ಅಕ್ಷರ, ಒಂದೊಂದು ಅಂಕಿಯನ್ನೂ ಉಕ್ಕಿನ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಬೇಕು, ಅದೂ ಉಲ್ಟಾ. ಯಾರೋ ಒಬ್ಬರ ಕೈ ತಪ್ಪಿದೆ. ಇನ್ನೂರು ವರ್ಷ ಕಳೆದರೂ ಆ ಕೈ ನಮಗೆ ಕಾಣುತ್ತಿದೆ ಅಲ್ವಾ? ನಾನು ಈ ತಾಮ್ರಕ್ಕೆ ಮನಸೋತಿದ್ದು ಇಲ್ಲೇ.

ಅಚ್ಚು ಸವೆಯುತ್ತಿತ್ತು, ಒಡೆಯುತ್ತಿತ್ತು, ಹೊಸದು ಮಾಡುತ್ತಿದ್ದರು. ಹಾಗಾಗಿ ಒಂದು ವರ್ಷದ ಸೆಂಟುಗಳೆಲ್ಲ ಒಂದೇ ಥರ ಇರುವುದಿಲ್ಲ. 1794ರ ಒಂದೇ ವರ್ಷದಲ್ಲಿ ಐವತ್ತಕ್ಕೂ ಜಾಸ್ತಿ ಬಗೆಗಳಿವೆ. ಇನ್ನೂ ಸೂಕ್ಷ್ಮ ಒಂದಿದೆ. ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿನೊಳಗೆ ತಾಮ್ರ ನುಗ್ಗಿ ನಾಣ್ಯದ ಮೇಲೆ ಕೂದಲೆಳೆಯಷ್ಟು ಉಬ್ಬಿದ ಗೆರೆ ಬರುತ್ತದೆ. ಬಿರುಕು ಬೆಳೆದ ಹಾಗೆ ಗೆರೆಯೂ ಉದ್ದವಾಗುತ್ತದೆ. ನನ್ನ ನಾಣ್ಯದಲ್ಲಿ ಗೆರೆ ಅಂಚಿನಿಂದ ಒಂದು ಅಕ್ಷರದವರೆಗೆ ಇದೆ. ನಿಮ್ಮ ಹತ್ತಿರವೂ ಅಂಥದ್ದೇ ಒಂದಿದೆ, ಅದರಲ್ಲಿ ಮೂರು ಅಕ್ಷರ ದಾಟಿದೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಪಕ್ಕದಲ್ಲಿಟ್ಟರೆ ನನ್ನದು ಮೊದಲು ಹುಟ್ಟಿದ್ದು, ನಿಮ್ಮದು ಆಮೇಲೆ ಅಂತ ಗೊತ್ತಾಗುತ್ತದೆ. ನಾನೊಬ್ಬನೇ ಬೀರುವಿನ ಬಾಗಿಲು ಹಾಕಿಕೊಂಡು ಕೂತಿದ್ದರೆ ಇದು ಹೇಗೆ ತಿಳಿಯಬೇಕು? ಈ ಹವ್ಯಾಸದಲ್ಲಿ ತಿಳಿವಳಿಕೆ ಅನ್ನುವುದು ಹುಟ್ಟಿದ್ದೇ ಇಬ್ಬರ ನಾಣ್ಯಗಳು ಒಂದು ಮೇಜಿನ ಮೇಲೆ ಬಂದಾಗ. ಈ ತಾಮ್ರದ ನಾಣ್ಯಗಳನ್ನು ಪ್ರೀತಿಸುವವರು 1967ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಅದು ಈಗಲೂ ನಡೆಯುತ್ತಿದೆ.

ಈಗ ನನ್ನ ಮನೆಯದೇ ಒಂದು ಮಾತು. ನಾನು ಕೊಂಡ ಮೊದಲ ಸೆಂಟು 1798ರದ್ದು. ಒಳ್ಳೆ ಕಾಫಿಬೀಜದ ಬಣ್ಣ. ಊರಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ಮೇಜಿನ ಮೇಲೆ ನೋಡಿದರು. ಪಾಪ, ಕೊಳೆಯಾಗಿದೆ ಅಂದುಕೊಂಡು ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಟ್ಟರು. ಸಂಜೆ ಬಂದು ನೋಡಿದರೆ ಗುಲಾಬಿ ಬಣ್ಣ. ತಾಮ್ರ ಇನ್ನೂರು ವರ್ಷ ಕಟ್ಟಿಕೊಂಡಿದ್ದ ಚರ್ಮ ಹೋಗಿತ್ತು. ಅದು ಮತ್ತೆ ಬರುವಂಥದ್ದಲ್ಲ. ನನಗೆ ಅಳುವೇ ಬಂತು. ಆದರೆ ಯೋಚಿಸಿದಾಗ ತಪ್ಪು ನನ್ನದೇ ಅನಿಸಿತು. ಆ ನಾಣ್ಯ ಏನು ಅಂತ ಮನೆಯಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ.

ಆ ರಾತ್ರಿ ಅತ್ತೆಯನ್ನು ದೀಪದ ಹತ್ತಿರ ಕೂರಿಸಿ ಭೂತಗನ್ನಡಿ ಕೊಟ್ಟೆ. ತುಂಬ ಹೊತ್ತು ನೋಡಿದರು. "ಯಾರೋ ಇವಳು? ರಾಣಿನಾ? ಕೂದಲು ಬಿಟ್ಕೊಂಡು ರಿಬ್ಬನ್ ಕಟ್ಟಿದಾಳೆ" ಅಂದರು. ಅಲ್ಲ ಅತ್ತೆ, ಅವಳ ಹೆಸರು ಲಿಬರ್ಟಿ, ಅಂದರೆ ಸ್ವಾತಂತ್ರ್ಯ ಅಂದೆ. ಅಮೆರಿಕದವರು ಆಗಷ್ಟೇ ರಾಜನನ್ನು ಬಿಟ್ಟು ಬಂದವರು. ಅಧ್ಯಕ್ಷರ ಮುಖವೂ ಬೇಡ, ಸ್ವಾತಂತ್ರ್ಯದ ಗುರುತು ಇರಲಿ ಅಂತ 1792ರಲ್ಲಿ ಕಾನೂನೇ ಮಾಡಿದರು. ರಿಬ್ಬನ್ ಇದೆ ಅಂತ ನಾನು ಅಲ್ಲಿವರೆಗೆ ಗಮನ ಕೊಟ್ಟೇ ಇರಲಿಲ್ಲ. ತೋರಿಸಿದ್ದು ಅತ್ತೆ.

ಅವತ್ತಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಾಣ್ಯ ತೋರಿಸುವಾಗ ಮೊದಲೇ ಬೆಲೆ ಹೇಳುವುದಿಲ್ಲ. ಬೆಲೆ ಕೇಳಿದ ಕೂಡಲೇ ಜನ ನಾಣ್ಯ ನೋಡುವುದು ಬಿಟ್ಟು ಲೆಕ್ಕ ಹಾಕಲು ಕೂರುತ್ತಾರೆ. ಮೊದಲು ಕೈಗೆ ಕೊಡುತ್ತೇನೆ. ಭಾರ ಗೊತ್ತಾಗಲಿ. ಆಮೇಲೆ ಏನು ಕಾಣುತ್ತದೆ ಅಂತ ಕೇಳುತ್ತೇನೆ. ಹೊಸಬರಿಗೆ 1850ರ ಆಸುಪಾಸಿನ ಸವೆದ ಸೆಂಟು ಸಾಕು. ಹೊರಗೆ ಒಂದು ಊಟ ಮಾಡುವ ದುಡ್ಡಿಗೆ ಸಿಗುತ್ತದೆ.

ನಮ್ಮವರಿಗೆ ತೋರಿಸುವಾಗ ಪಕ್ಕದಲ್ಲಿ ಇನ್ನೆರಡು ನಾಣ್ಯ ಇಡುತ್ತೇನೆ. ಒಂದು 1808ರ ಇಪ್ಪತ್ತು ಕಾಸು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಬೌಲ್ಟನ್ ಅವರ ಕಾರ್ಖಾನೆಯಲ್ಲಿ ಮಾಡಿಸಿದ್ದು. ಫಿಲಡೆಲ್ಫಿಯಾದವರೂ ಸೆಂಟಿಗೆ ಬೇಕಾದ ತಾಮ್ರದ ಬಿಲ್ಲೆಗಳನ್ನು ಇದೇ ಬೌಲ್ಟನ್ ಅವರಿಂದ ಪೀಪಾಯಿಗಳಲ್ಲಿ ತರಿಸುತ್ತಿದ್ದರು. 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಗಿ ಬಿಲ್ಲೆ ಬರುವುದು ನಿಂತಿತು. 1815 ಅಂತ ಇಸವಿ ಇರುವ ಸೆಂಟೇ ಇಲ್ಲ. ಇನ್ನೊಂದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆನೆ, ಮೇಲೆ ಶ್ರೀ, ಕನ್ನಡದಲ್ಲೇ "ಮಯಿಲಿ ಕಾಸು 20". ಈ ಮೂರನ್ನೂ ಒಟ್ಟಿಗೆ ನೋಡಿದವರು ಸುಮ್ನೆ ಎದ್ದು ಹೋಗಿದ್ದು ನಾನು ಕಂಡಿಲ್ಲ. ನಮ್ಮ ತಾತನ ಪೆಟ್ಟಿಗೆಯಲ್ಲೂ ಇಂಥದ್ದಿತ್ತು ಅಂತ ಮಾತು ಶುರುವಾಗುತ್ತದೆ.

ಕೊನೆಗೆ ಈ ಪುಟ್ಟ ಕಾಗದದ ಲಕೋಟೆಗಳನ್ನು ನೋಡಿ. ತಾಮ್ರದ ನಾಣ್ಯವನ್ನು ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಇದರೊಳಗೆ ಇಡುತ್ತೇವೆ. ಈ ಒಂದರ ಮೇಲೆ ಮೂರು ಜನರ ಕೈಬರಹ ಇದೆ. ಮೊದಲಿನದು ಪೆನ್ಸಿಲ್, ಮಾಸಿಹೋಗಿದೆ. ಯಾವ ಬಗೆ, ಯಾವಾಗ ಕೊಂಡಿದ್ದು ಅಂತ ಅವರು ಬರೆದರು. ಅದರ ಕೆಳಗೆ ಇನ್ನೊಬ್ಬರು, ಅದರ ಕೆಳಗೆ ನಾನು. ನನ್ನ ಕೆಳಗೆ ಇನ್ನೂ ಎರಡು ಸಾಲಿಗೆ ಜಾಗ ಇದೆ.

1801 ಎಲ್ಲಿಗೆ ಬಂತು? ಹಿಂದಿನ ಸಾಲಾ? ನಿಧಾನವಾಗಿ ನೋಡಿ, ಅವಸರ ಇಲ್ಲ. ಈ ಮೇಜಿನ ಮೇಲೆ ಇನ್ನೂ ಹನ್ನೆರಡು ಇಟ್ಟಿದ್ದೇನೆ. ಮಕ್ಕಳು ಮೊದಲು ಬನ್ನಿ.