ಆಟಿ ತಿಂಗಳ ಸರತಿ ಸಾಲು

ಕೇಳುಗರಿಗೆಲ್ಲ ನಮಸ್ಕಾರ.

ವರ್ಷದ ನೇಮ, ಆಟಗಳಿಗೆಲ್ಲ ತೆರೆ ಬೀಳುವ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಈಗ ಸೀಸನ್ ಅಲ್ಲ, ಎಲ್ಲಿಯೂ ಜನ ಇರುವುದಿಲ್ಲ, ಮಕ್ಕಳನ್ನು ಒಮ್ಮೆ ಮನರಂಜನಾ ಉದ್ಯಾನವಾದ ವಂಡರ್‌ಲಾಗೆ ಕರೆದುಕೊಂಡು ಹೋಗಿ ಬರೋಣ ಎಂದು. ರಾತ್ರಿ ಬಸ್ಸಿಗೆ ಟಿಕೆಟ್ ಆಗುತ್ತದೆ. ಶಿರಾಡಿ ಘಾಟಿ ಹತ್ತಿ, ಬೆಂಗಳೂರು ದಾಟಿ ಬಿಡದಿಗೆ ಹೋಗಿ ನಿಂತರೆ ಎದುರಿಗೆ ಉದ್ದದ ಸಾಲು. ಈ ಮಳೆಯಲ್ಲಿ ಇಷ್ಟು ಜನ ಎಲ್ಲಿಂದ ಬಂದರು ಎಂದು ಹಿಂದೆ ಮುಂದೆ ನೋಡಿದರೆ ಅರ್ಧಕ್ಕರ್ಧ ತುಳು ಕೇಳಿಸುತ್ತದೆ, ಬ್ಯಾರಿ ಕೇಳಿಸುತ್ತದೆ, ಕೊಂಕಣಿ ಕೇಳಿಸುತ್ತದೆ.

ಶಾಲಾ ಮಕ್ಕಳ ಪ್ರವಾಸದ ಹೊಣೆ ಹೊತ್ತು ಓಡಾಡಿದ ಶಿಕ್ಷಕಿಯಾಗಿ ಇವತ್ತು ಈ ಜನಸಂದಣಿಯ ಬಗ್ಗೆ ಮಾತನಾಡುತ್ತೇನೆ. ಅದು ಹೇಗೆ ಹುಟ್ಟುತ್ತದೆ, ಅದರ ನಡುವೆಯೂ ಮಕ್ಕಳಿಗೆ ಒಂದು ಒಳ್ಳೆಯ ದಿನವನ್ನು ಹೇಗೆ ಉಳಿಸಿಕೊಡಬಹುದು ಎನ್ನುವುದೇ ನನ್ನ ವಿಷಯ. ಯಾವ ತಿಂಗಳು ಖಾಲಿ ಎಂದು ಕೇಳಿ ಪ್ರಯೋಜನವಿಲ್ಲ. ಆ ದಿನ ಯಾರಿಗೆಲ್ಲ ಬಿಡುವಿದೆ, ಉದ್ಯಾನದಲ್ಲಿ ಎಷ್ಟು ಆಟಗಳು ಓಡುತ್ತಿವೆ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು.

ನಮ್ಮ ಕರಾವಳಿಯ ವರ್ಷವನ್ನೇ ನೋಡಿ. ದೀಪಾವಳಿಯಿಂದ ಪತ್ತನಾಜೆಯವರೆಗೆ ಒಂದು ಭಾನುವಾರವೂ ನಮ್ಮದಲ್ಲ. ಮದುವೆ, ಗೃಹಪ್ರವೇಶ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶ, ಜಾತ್ರೆ, ರಾತ್ರಿಯಿಡೀ ಯಕ್ಷಗಾನ. ಒಂದೇ ದಿನ ಮೂರು ಕಡೆ ಊಟಕ್ಕೆ ಮುಖ ತೋರಿಸಬೇಕಾದ ಮನೆಗಳಿವೆ. ಮೇ 24ರ ಸುಮಾರಿಗೆ, ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ. ಜುಲೈ ನಡುವಿನಿಂದ ಆಟಿ ಎಂಬ ತುಳು ತಿಂಗಳು, ಆಗ ಶುಭಕಾರ್ಯಗಳಿಲ್ಲ. ಮನೆಯವರೆಲ್ಲ ಒಟ್ಟಾಗಿ ಹೊರಡಬಹುದಾದ ಭಾನುವಾರಗಳು ನಮಗೆ ಸಿಗುವುದು ಆಗಲೇ. ಊರಿಗೆ ಊರೇ ಒಟ್ಟಿಗೆ ಬಿಡುವಾದರೆ ಉದ್ಯಾನ ಖಾಲಿ ಇರುವುದು ಹೇಗೆ?

ಇದರ ಜೊತೆಗೆ ಕೊಲ್ಲಿ ರಾಷ್ಟ್ರಗಳ ಶಾಲಾ ರಜೆ. ದುಬೈ, ದೋಹಾ, ಮಸ್ಕತ್, ಕುವೈತ್‌ಗಳಲ್ಲಿ ಸುಡು ಬೇಸಿಗೆಯ ಕಾರಣಕ್ಕೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶಾಲೆ ಮುಚ್ಚುತ್ತದೆ. ನಮ್ಮವರು ಮಕ್ಕಳೊಂದಿಗೆ ಊರಿಗೆ ಬರುತ್ತಾರೆ. ಅಜ್ಜಿಮನೆ ತುಂಬ ಮಕ್ಕಳು. ಆ ಮಕ್ಕಳಿಗೆ ಮಳೆ ಹೊಸದು, ಎರಡು ದಿನ ಅಂಗಳದಲ್ಲಿ ನೆನೆದು ಕುಣಿಯುತ್ತಾರೆ. ಮೂರನೆಯ ದಿನ ಎಲ್ಲಿಗಾದರೂ ಹೋಗೋಣ ಎಂಬ ಹಟ. ಎಲ್ಲಿಗೆ ಹೋಗುವುದು? ಮಲ್ಪೆ, ಪಣಂಬೂರಿನಲ್ಲಿ ಕಡಲಿಗೆ ಇಳಿಯುವಂತಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಂತಿರುತ್ತದೆ. ಜಲಪಾತಗಳ ಬಳಿ ನಿಷೇಧದ ಫಲಕ. ಕಡಲು ಮುಚ್ಚಿದಾಗ ನೀರಾಟಕ್ಕೆ ಉಳಿಯುವುದು ಕೃತಕ ಅಲೆಯ ಕೊಳ ಮಾತ್ರ. ಮಂಗಳೂರಿನ ವಾಮಂಜೂರು ಬಳಿಯ ಪಿಲಿಕುಳದಲ್ಲಿರುವ ಮಾನಸ, ಕಣ್ಣೂರು ಕಡೆಯ ಪರಶ್ಶಿನಿಕಡವಿನ ವಿಸ್ಮಯ, ಮೈಸೂರಿನ ಜಿಆರ್‌ಎಸ್, ಬಿಡದಿಯ ಮತ್ತು ಕೊಚ್ಚಿಯ ವಂಡರ್‌ಲಾ, ಇವೇ ನಮ್ಮ ಕೈಗೆಟುಕುವ ಜಾಗಗಳು.

ದಕ್ಷಿಣಕ್ಕೆ ಹೊರಡುವವರು ಕೇರಳದ ಕ್ಯಾಲೆಂಡರನ್ನು ನೋಡಲೇಬೇಕು. ಓಣಂ ರಜೆ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಬೀಳುತ್ತದೆ. ನಮಗೆ ಅದು ಶಾಲೆ ನಡೆಯುವ ಮಾಮೂಲಿ ವಾರ; ಅಲ್ಲಿ ಇಡೀ ರಾಜ್ಯ ಹೊಸ ಬಟ್ಟೆ ತೊಟ್ಟು ಮನೆಯಿಂದ ಹೊರಗೆ ಬಂದಿರುತ್ತದೆ. ಈದ್ ಹಬ್ಬವೂ ಹಾಗೆ. ಕರಾವಳಿಯಲ್ಲಿ ಅನೇಕ ಸಲ ಕೇರಳದ ಚಂದ್ರದರ್ಶನದಂತೆ ಹಬ್ಬವಾಗುತ್ತದೆ, ಬೆಂಗಳೂರಿನಲ್ಲಿ ಮರುದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾದ ಕೆಂಪು ಅಂಕಿಯೊಂದನ್ನೇ ನಂಬಿದರೆ ಹಬ್ಬದ ಮರುದಿನದ ಜನಜಂಗುಳಿಗೆ ನೇರವಾಗಿ ಹೋಗಿ ಸಿಕ್ಕಿಕೊಳ್ಳುತ್ತೀರಿ.

ಇನ್ನೊಂದು ಕಾರಣ ಬೆಲೆ. ಜಗತ್ತಿನ ಅತಿ ದೊಡ್ಡ ಉದ್ಯಾನಗಳ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಅಲ್ಲಿ ಶಾಲೆ ಶುರುವಾದ ಮೇಲಿನ ಸೆಪ್ಟೆಂಬರ್, ಹೊಸವರ್ಷ ಕಳೆದ ಮೇಲಿನ ಜನವರಿ ಎಂದರೆ ಸಾಲಿಲ್ಲದ ಕಾಲವೆಂದು ಬಹಳ ವರ್ಷ ಹೆಸರಾಗಿತ್ತು. ಉದ್ಯಾನದವರು ಆ ಖಾಲಿ ವಾರಗಳನ್ನು ಸುಮ್ಮನೆ ಬಿಡಲಿಲ್ಲ. ಜನವರಿಗೆ ಮ್ಯಾರಥಾನ್ ಓಟ ಬಂತು, ವರ್ಷದ ಕೊನೆಯ ತಿಂಗಳುಗಳಿಗೆ ಆಹಾರೋತ್ಸವ ಬಂತು, ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬದ ಸಂಜೆಗಳು ಆಗಸ್ಟ್‌ನಲ್ಲೇ ಶುರುವಾದವು. 2018ರಿಂದ ಟಿಕೆಟ್ ಬೆಲೆಯೂ ದಿನಾಂಕಕ್ಕೆ ತಕ್ಕಂತೆ ಬದಲಾಗತೊಡಗಿತು. ಜನ ಕಡಿಮೆಯಾಗುವ ದಿನಕ್ಕೆ ಕಡಿಮೆ ಬೆಲೆ. ಅಗ್ಗವಾದ ದಿನಕ್ಕೆ ಜನ ಬರುತ್ತಾರೆ, ಬಂದರೆ ಆ ದಿನ ಖಾಲಿಯಾಗಿ ಉಳಿಯುವುದಿಲ್ಲ. ನಮ್ಮಲ್ಲಿಯೂ ಮಳೆಗಾಲದ ಕೊಡುಗೆ, ಕಾಲೇಜಿನ ಗುರುತಿನ ಚೀಟಿಗೆ ರಿಯಾಯಿತಿ, ಪರೀಕ್ಷೆ ಮುಗಿದ ಮೇಲೆ ಹಾಲ್ ಟಿಕೆಟ್ ತೋರಿಸಿದರೆ ರಿಯಾಯಿತಿ ಎಂಬ ಜಾಹೀರಾತುಗಳು ಬರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಬಡ ಮನೆಯ ಮಗುವಿಗೂ ಆ ದಿನ ಒಳಗೆ ಹೋಗಲು ಸಾಧ್ಯವಾಗುತ್ತದೆ ಎಂದು ನನಗೆ ಸಂತೋಷವೇ. ಆದರೆ ರಿಯಾಯಿತಿ ಇರುವ ದಿನವೇ ಏಕಾಂತವೂ ಸಿಗಲಿ ಎಂದು ಬಯಸಬಾರದು.

ಇಷ್ಟು ಬರುವವರ ಮಾತಾಯಿತು. ಸಾಲಿನ ಉದ್ದದ ಇನ್ನರ್ಧ ಗುಟ್ಟು ಒಳಗೆ ಇದೆ. ಜನ ಕಡಿಮೆ ಎಂದು ಲೆಕ್ಕ ಹಾಕಿದ ತಿಂಗಳಲ್ಲೇ ದೊಡ್ಡ ಯಂತ್ರಗಳ ದುರಸ್ತಿ ನಡೆಯುತ್ತದೆ. ಒಂದು ಆಟಕ್ಕೆ ಜನರನ್ನು ಕೂರಿಸುವ ಎರಡು ಬಂಡಿ ಓಡಬೇಕಾದಲ್ಲಿ ಒಂದು ಓಡುತ್ತದೆ. ಟಿಕೆಟ್ ಕಿಟಕಿ ಅರ್ಧ ಮುಚ್ಚಿರುತ್ತದೆ. ಬೇಸಿಗೆಗೆಂದು ತೆಗೆದುಕೊಂಡ ಹುಡುಗ ಹುಡುಗಿಯರು ಕೆಲಸ ಬಿಟ್ಟಿರುತ್ತಾರೆ. ಉಡುಪಿಯ ಮಠದಲ್ಲಿ ಊಟಕ್ಕೆ ಕಾದವರಿಗೆ ಇದು ಗೊತ್ತು: ಒಂದು ಪಂಕ್ತಿ ಎದ್ದ ಮೇಲೆಯೇ ಇನ್ನೊಂದು ಪಂಕ್ತಿ. ಹೊರಗೆ ಎಷ್ಟು ಜನ ಇದ್ದಾರೆ ಎನ್ನುವುದಕ್ಕಿಂತ ಒಳಗೆ ಒಂದು ಸಲಕ್ಕೆ ಎಷ್ಟು ಜನ ಕೂರುತ್ತಾರೆ, ಎಷ್ಟು ಬೇಗ ಏಳುತ್ತಾರೆ ಎನ್ನುವುದೇ ನಮ್ಮ ಕಾಯುವಿಕೆಯನ್ನು ನಿರ್ಧರಿಸುತ್ತದೆ. ಕಾಯುವ ಸಾಲಿಗೂ ಗಣಿತವಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿಯೇ ಆ ಬಗ್ಗೆ ಬರೆದಿದ್ದಾನೆ. ನಮಗೆ ಅಷ್ಟು ದೊಡ್ಡ ಗಣಿತ ಬೇಡ, ಐದನೆಯ ತರಗತಿಯ ಗುಣಾಕಾರ ಭಾಗಾಕಾರ ಸಾಕು.

ಅದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಸಾಲಿಗೆ ಸೇರುವ ಮೊದಲು ಪಕ್ಕದಲ್ಲಿ ನಿಂತು ನೋಡಿ. ಒಂದು ಬಂಡಿಯಲ್ಲಿ 24 ಜನ ಕೂರುತ್ತಾರೆ ಎನ್ನೋಣ. ಒಂದು ಬಂಡಿ ಹೊರಟು ಮುಂದಿನದು ಹೊರಡುವವರೆಗೆ ಗಡಿಯಾರ ನೋಡಿ. 4 ನಿಮಿಷ ಎನ್ನೋಣ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 180 ಜನ ಇದ್ದರೆ ಅರ್ಧ ಗಂಟೆ. ಅದೇ ಒಂದು ಬಂಡಿ ನಿಲ್ಲಿಸಿ, 8 ನಿಮಿಷಕ್ಕೊಮ್ಮೆ ಬಿಡುತ್ತಿದ್ದರೆ ಅದೇ 180 ಜನರ ಸಾಲು ಪೂರಾ ಒಂದು ಗಂಟೆ. ಕಣ್ಣಿಗೆ ಎರಡೂ ಸಾಲು ಒಂದೇ ಉದ್ದ ಕಾಣುತ್ತವೆ. ಒಮ್ಮೆ ಲೆಕ್ಕ ಕಲಿತ ಮಗು ಆಮೇಲೆ ತಾನೇ ಓಡಿ ಬಂದು, ಟೀಚರ್, ಇದು ಬೇಡ, ಆಚೆಯದು ಬೇಗ ಮುಗಿಯುತ್ತದೆ ಎಂದು ಹೇಳುತ್ತದೆ. ಕಾಯುವುದು ತನ್ನ ಮೇಲೆ ಯಾರೋ ಹೊರಿಸಿದ ಶಿಕ್ಷೆಯಾಗದೆ ತಾನೇ ಆರಿಸಿಕೊಂಡದ್ದಾದರೆ ಮಗು ಎಷ್ಟು ಶಾಂತವಾಗಿ ನಿಲ್ಲುತ್ತದೆ ಎನ್ನುವುದನ್ನು ನೀವೇ ನೋಡುತ್ತೀರಿ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ ಎತ್ತರದ್ದು. ಪ್ರತಿಯೊಂದು ದೊಡ್ಡ ಆಟಕ್ಕೂ ಇಷ್ಟು ಸೆಂಟಿಮೀಟರ್ ಎತ್ತರ ಇರಲೇಬೇಕೆಂಬ ನಿಯಮವಿರುತ್ತದೆ. ಸುರಕ್ಷೆಯ ಸರಳು ಮಗುವಿನ ಮೈಗೆ ಸರಿಯಾಗಿ ಕೂರಬೇಕಲ್ಲ, ಅದಕ್ಕಾಗಿ. ಗುರುತಿನ ಕೋಲು ಸಾಲಿನ ಬಾಯಲ್ಲಿ ಇರುವುದೂ ಉಂಟು, ಎಲ್ಲ ಮೆಟ್ಟಿಲು ಹತ್ತಿದ ಮೇಲೆ ಬಂಡಿಯ ಪಕ್ಕದಲ್ಲಿ ಇರುವುದೂ ಉಂಟು. ಬಹಳ ಹೊತ್ತು ಕಾದು, ಅಣ್ಣನ ಅಂಗಿ ಹಿಡಿದು ಮೇಲೆ ಬಂದ ಮಗುವನ್ನು ಅಲ್ಲಿನ ಹುಡುಗ ಕೋಲಿಗೆ ನಿಲ್ಲಿಸಿ, ಇಲ್ಲ ಪುಟ್ಟ, ಆಗುವುದಿಲ್ಲ ಎಂದಾಗ ಆ ಮಗು ಬೆರಳ ತುದಿಯಲ್ಲಿ ನಿಂತು ಎತ್ತರವಾಗಲು ನೋಡುತ್ತದೆ. ಕತ್ತು ಉದ್ದ ಮಾಡುತ್ತದೆ. ಆಮೇಲೆ ಹಿಂದೆ ನಿಂತ ನೂರು ಜನರನ್ನು ಸೀಳಿಕೊಂಡು, ಎಲ್ಲರೂ ನೋಡುತ್ತಿರುವಂತೆ, ಅದೇ ಮೆಟ್ಟಿಲುಗಳನ್ನು ಇಳಿಯಬೇಕು. ಹಿರಿಯರೇ, ಇದೊಂದು ನೋವನ್ನು ನಾವು ಖಂಡಿತ ತಪ್ಪಿಸಬಹುದು. ಹೊರಡುವ ಮುನ್ನ ಮನೆಯ ಬಾಗಿಲ ಪಟ್ಟಿಗೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಅಳೆಯಿರಿ. ಉದ್ಯಾನದವರಿಗೆ ಫೋನ್ ಮಾಡಿ, ಯಾವ ಆಟಕ್ಕೆ ಎಷ್ಟು ಎತ್ತರ, ಇವತ್ತು ಯಾವುದು ದುರಸ್ತಿಯಲ್ಲಿದೆ ಎಂದು ಕೇಳಿ ಬರೆದುಕೊಳ್ಳಿ. ಮಗುವಿಗೆ ಮನೆಯಲ್ಲೇ ಹೇಳಿ: ಇದಕ್ಕೆ ನೀನು ಮುಂದಿನ ವರ್ಷ, ಇದಕ್ಕೆ ಈ ವರ್ಷವೇ. ಪ್ರತಿ ಮಗುವೂ ಇದೊಂದು ಆಗಲೇಬೇಕು ಎನ್ನುವ ಒಂದೊಂದು ಆಟವನ್ನು ಮೊದಲೇ ಆರಿಸಲಿ. ಅವೆಲ್ಲವನ್ನೂ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ನಂತರ ಏನು ಸಿಕ್ಕಿದರೂ ಅದು ಲಾಭ.

ಬಟ್ಟೆಯ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ನೀರಾಟಕ್ಕೆ ನೈಲಾನ್ ಅಥವಾ ಅಂಥ ಬಟ್ಟೆಯೇ ಬೇಕೆಂದು ಹೆಚ್ಚಿನ ಕಡೆ ನಿಯಮವಿದೆ. ಹತ್ತಿ ಬಟ್ಟೆಗೆ ಅವಕಾಶವಿಲ್ಲ. ತಾರದೆ ಹೋದರೆ ಬಾಡಿಗೆ ಬಟ್ಟೆಗೆ ಒಂದು ಸಾಲು, ಲಾಕರಿಗೆ ಇನ್ನೊಂದು ಸಾಲು, ಬಟ್ಟೆ ಬದಲಿಸುವ ಕೋಣೆಗೆ ಮತ್ತೊಂದು. ಒಂದು ಆಟವನ್ನೂ ಆಡದೆ ಬೆಳಗಿನ ಒಳ್ಳೆಯ ಗಂಟೆ ಕಳೆದುಹೋಗುತ್ತದೆ.

ಮಂಗಳವಾರದಿಂದ ಗುರುವಾರದ ನಡುವೆ ಹೋಗಿ, ಬಾಗಿಲು ತೆರೆಯುವ ಮುನ್ನವೇ ಅಲ್ಲಿರಿ. ಒಳಗೆ ಕಾಲಿಟ್ಟವರೆಲ್ಲ ಮೊದಲು ಕಂಡ ಆಟಕ್ಕೇ ಮುಗಿಬೀಳುತ್ತಾರೆ. ನೀವು ನೇರ ಹಿಂದಿನ ತುದಿಗೆ ನಡೆಯಿರಿ. ಊಟವನ್ನು ಹನ್ನೆರಡಕ್ಕೆ ಮೊದಲೇ ಮುಗಿಸಿದರೆ, ಎಲ್ಲರೂ ಊಟದ ಸಾಲಿನಲ್ಲಿರುವಾಗ ಆಟದ ಸಾಲು ನಿಮಗೆ ಸಿಗುತ್ತದೆ. ಮಳೆ ಜೋರಾದರೆ, ಗುಡುಗು ಮಿಂಚಾದರೆ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ. ನಿಲ್ಲಿಸಲೇಬೇಕು. ದಯವಿಟ್ಟು ಅಲ್ಲಿನ ಸಿಬ್ಬಂದಿಯ ಮೇಲೆ ರೇಗಬೇಡಿ. ದಿನವಿಡೀ ಒದ್ದೆಯಲ್ಲಿ ನಿಂತು ನಮ್ಮ ಮಕ್ಕಳ ಬೆಲ್ಟ್ ಬಿಗಿಯುವ ಆ ಎಳೆಯರೂ ಯಾರದೋ ಮನೆಯ ಮಕ್ಕಳು. ಸೂರಿನಡಿ ತಾಳ್ಮೆಯಿಂದ ಕುಳಿತವರಿಗೆ ಒಂದು ಅನುಕೂಲವಿದೆ: ಬೇಸತ್ತು ಹೊರಟುಹೋದವರ ಜಾಗ ಖಾಲಿಯಾಗಿರುತ್ತದೆ.

ಹೆಚ್ಚು ಹಣ ಕೊಟ್ಟು ಮುಂದೆ ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಬೇಕೇ ಎಂದು ಬಹಳ ಜನ ಕೇಳುತ್ತಾರೆ. ಹೆಚ್ಚು ಹೊತ್ತು ನಿಲ್ಲಲಾಗದ ಹಿರಿಯರು ಜೊತೆಗಿದ್ದರೆ, ದೂರದಿಂದ ಬಂದು ಒಂದೇ ದಿನ ಉಳಿಯುವವರಾದರೆ ತೆಗೆದುಕೊಳ್ಳಿ. ಆದರೆ ಸರಕಾರಿ ಶಾಲೆಯ ಬಸ್ಸಿನಲ್ಲಿ ಬಂದ ಮಕ್ಕಳು ಪಕ್ಕದ ಸಾಲು ಸರಸರನೆ ಮುಂದೆ ಹೋಗುವುದನ್ನು ನೋಡುತ್ತ ನಿಂತಾಗ ನನಗೆ ಸಂಕಟವಾಗುತ್ತದೆ. ಡಿಸ್ನಿಯವರು 1999ರಲ್ಲಿ ಇಂಥ ಚೀಟಿಯನ್ನು ಎಲ್ಲರಿಗೂ ಉಚಿತವಾಗಿ ಕೊಡಲು ಆರಂಭಿಸಿದ್ದರು. 2021ರಲ್ಲಿ ಅದು ಹೋಗಿ ಹಣ ಕೊಡುವ ವ್ಯವಸ್ಥೆ ಬಂತು. ಉಚಿತವಾಗಿದ್ದ ಮೊದಲಿನ ರೀತಿಯೇ ನ್ಯಾಯ ಎಂದು ನನ್ನ ಅಭಿಪ್ರಾಯ. ಹಾಗೆಯೇ ಒಬ್ಬರು ಸಾಲಿನಲ್ಲಿ ನಿಂತು, ಕೊನೆ ಗಳಿಗೆಯಲ್ಲಿ ಎಂಟು ಜನರನ್ನು ಕರೆದು ಸೇರಿಸುವುದೂ ಅನ್ಯಾಯವೇ. ಅದನ್ನು ನಮ್ಮ ಮಕ್ಕಳು ನೋಡುತ್ತಾರೆ, ನೋಡಿ ಕಲಿಯುತ್ತಾರೆ.

ಇನ್ನು ಮಳೆ ರಜೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಸುದ್ದಿ ಮೊಬೈಲಿಗೆ ಬಂದ ಕೂಡಲೇ ಪಿಲಿಕುಳಕ್ಕೋ ಮತ್ತೆಲ್ಲಿಗೋ ಹೊರಡುವ ಮನೆಗಳಿವೆ. ರಸ್ತೆ ಅಪಾಯವೆಂದೇ, ಹೊಳೆ ತುಂಬಿದೆಯೆಂದೇ ಕೊಟ್ಟ ರಜೆ ಅದು. ಆ ದಿನ ಮಕ್ಕಳು ಮನೆಯಲ್ಲಿರಲಿ. ಪಿಲಿಕುಳಕ್ಕೆ ಮಳೆ ಹೊಳವಾದ ವಾರದ ದಿನ ಹೋಗಿ, ಸೋಮವಾರವೊಂದನ್ನು ಬಿಟ್ಟು, ಏಕೆಂದರೆ ಅಂದು ಅಲ್ಲಿ ರಜೆ. ನೀರಾಟದಲ್ಲಿ ಜನ ತುಂಬಿದ್ದರೆ ಅಲ್ಲಿಯೇ ಮೃಗಾಲಯವಿದೆ, ವಿಜ್ಞಾನ ಕೇಂದ್ರವಿದೆ, ಸ್ವಾಮಿ ವಿವೇಕಾನಂದ ತಾರಾಲಯವಿದೆ. ನವೆಂಬರ್‌ನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿಗೆ ಸಾಲುಗಟ್ಟಿ ಬರುತ್ತವೆ, ಆಗ ತಾರಾಲಯದ ಪ್ರದರ್ಶನದ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಕೊನೆಯದಾಗಿ ಹಿಂತಿರುಗುವ ದಾರಿ. ಮುಚ್ಚುವ ಗಂಟೆಯವರೆಗೂ ಒಳಗಿದ್ದರೆ ಲಾಕರಿನ ಠೇವಣಿ ವಾಪಸು ಪಡೆಯುವಲ್ಲಿ, ಬಟ್ಟೆ ಬದಲಿಸುವಲ್ಲಿ, ವಾಹನ ಹೊರತೆಗೆಯುವಲ್ಲಿ ದಿನದ ಅತಿ ಉದ್ದದ ಸಾಲುಗಳು ಕಾದಿರುತ್ತವೆ. ಒಂದು ಗಂಟೆ ಮೊದಲೇ ನೀರಿನಿಂದ ಎದ್ದು ಮಕ್ಕಳ ತಲೆ ಒರೆಸಿ. ಶಿರಾಡಿಯಲ್ಲಿ ಗುಡ್ಡ ಜರಿದಿದೆಯೇ, ಚಾರ್ಮಾಡಿಯಲ್ಲಿ ವಾಹನ ಬಿಡುತ್ತಿದ್ದಾರೆಯೇ ಎಂದು ಬಸ್ ಹತ್ತುವ ಮುನ್ನ ವಿಚಾರಿಸಿ. ಎರಡೂ ಮುಚ್ಚಿದ್ದರೆ ರಾತ್ರಿ ಅಲ್ಲಿಯೇ ಉಳಿದು ಬೆಳಗಾದ ಮೇಲೆ ಹೊರಡಿ.

ನಮಸ್ಕಾರ.