ಬಸುರಿಯ ಶುಗರ್‌ಗೆ ಸೀಮಂತದ ಹೋಳಿಗೆಯನ್ನು ದೂರಬೇಡಿ

ನಮಸ್ಕಾರ. ನಮ್ಮ ಶಿವಮೊಗ್ಗ ಸೀಮೆಯಲ್ಲಿ ಬಸುರಿಗೆ ಶುಗರ್ ಬಂತು ಅಂದರೆ ಮನೆಯಲ್ಲಿ ಮೊದಲು ಶುರುವಾಗುವುದು ವಿಚಾರಣೆ. "ಹಲಸಿನ ಹಣ್ಣು ತಿಂದೆಯಾ? ಸೀಮಂತದ ದಿನ ಎಷ್ಟು ಹೋಳಿಗೆ ಹೊಡೆದೆ? ಬಯಕೆ ಅಂತ ಸುಮ್ನೆ ಬಿಟ್ಟಿದ್ದೇ ತಪ್ಪಾಯ್ತು." ಏಳು ತಿಂಗಳ ಹೊಟ್ಟೆ ಹೊತ್ತವಳು ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತಿರುತ್ತಾಳೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಳಗೆ ಏನಾಗುತ್ತದೆ ಅಂತ ನೋಡೋಣ. ಹೊಟ್ಟೆಯಲ್ಲಿ ಮಗುವಿನ ಜೊತೆ ಮಾಸೂ ಬೆಳೆಯುತ್ತದೆ. ಆಸ್ಪತ್ರೆಯವರು ಪ್ಲಾಸೆಂಟಾ ಅನ್ನುತ್ತಾರಲ್ಲ, ಅದೇ. ಅದು ಪ್ಲಾಸೆಂಟಲ್ ಲ್ಯಾಕ್ಟೋಜನ್, ಪ್ರೊಜೆಸ್ಟರಾನ್, ತನ್ನದೇ ಒಂದು ಗ್ರೋತ್ ಹಾರ್ಮೋನ್ ಹೀಗೆ ಹಲವನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಇವೆಲ್ಲ ಸೇರಿದಾಗ ತಾಯಿಯ ಮೈಯಲ್ಲಿ ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನು ಸ್ನಾಯುಗಳ ಒಳಗೆ ಕಳಿಸುವ ಹಾರ್ಮೋನ್, ಅದರ ಮಾತು ನಡೆಯುವುದು ಕಡಿಮೆಯಾಗುತ್ತದೆ. ಇಲ್ಲಿಯವರೆಗೆ ಇದು ರೋಗವಲ್ಲ. ಸಕ್ಕರೆಯೆಲ್ಲ ತಾಯಿಯ ಸ್ನಾಯುಗಳಿಗೇ ಹೋಗಿಬಿಟ್ಟರೆ ಮಗುವಿಗೆ ಏನು ಉಳಿಯಬೇಕು? ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್‌ನ ಪ್ರಭಾವ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆರೋಗ್ಯವಾಗಿರುವ ಬಸುರಿಯರಲ್ಲೂ. ಅದನ್ನು ಸರಿದೂಗಿಸಲು ಮೇದೋಜೀರಕದ ಬೀಟಾ ಕೋಶಗಳು ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಇನ್ಸುಲಿನ್ ಕೊಡಬೇಕು. ಅಷ್ಟು ಕೊಡಲು ಆಗದಿದ್ದರೆ ಶುಗರ್ ಏರುತ್ತದೆ. ಆಗುಂಬೆ ಘಾಟಿಯ ಏರು ಎಲ್ಲ ಬಸ್ಸಿಗೂ ಒಂದೇ, ಕೆಲವು ಇಂಜಿನ್ ಮಾತ್ರ ಕಾಯುತ್ತವೆ.

ಯಾವುದು ಕಾಯುತ್ತದೆ ಅನ್ನುವುದರಲ್ಲಿ ವಂಶದ ಪಾಲು ದೊಡ್ಡದು. 2012ರಲ್ಲಿ ಕೊರಿಯಾದ ಬಸುರಿಯರ ಇಡೀ ಜೀನೋಮ್, ಅಂದರೆ ಜೀನುಗಳ ಪೂರ್ತಿ ಗಂಟನ್ನೇ ಜಾಲಾಡಿದಾಗ ಎರಡು ಜೀನುಗಳು ಎದ್ದು ಕಂಡವು: ಸಿಡಿಕೆಎಎಲ್1 ಮತ್ತು ಎಂಟಿಎನ್‌ಆರ್1ಬಿ. ಎರಡಕ್ಕೂ ಬೀಟಾ ಕೋಶದ ಕೆಲಸದ ಜೊತೆ ನಂಟು. ಎರಡನೆಯದು ನಿದ್ದೆಯ ಹಾರ್ಮೋನ್ ಮೆಲಟೋನಿನ್‌ಗೆ ಕಿವಿಗೊಡುವ ಜೀನ್ ಎಂಬುದು ನನಗೆ ಇನ್ನೂ ಸೋಜಿಗ. ಟಿಸಿಎಫ್7ಎಲ್2 ಎಂಬ ಇನ್ನೊಂದೂ ಇದೆ. ಅಪ್ಪ ಅಮ್ಮನಿಗೆ ಬರುವ ಟೈಪ್ 2 ಶುಗರ್‌ನಲ್ಲೂ ಇವೇ ಜೀನುಗಳು ಸಿಗುತ್ತವೆ. ಒಂದೊಂದರ ಪ್ರಭಾವ ಸಣ್ಣದು. ಹಾಗಾಗಿ ಒಂದು ಜೀನ್ ಟೆಸ್ಟ್ ಮಾಡಿಸಿ "ಇವಳಿಗೆ ಬರುತ್ತೆ, ಅವಳಿಗೆ ಬರಲ್ಲ" ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು ಮಾತು, ಗಂಡನ ಮನೆಯವರು ಎದ್ದು ಹೋಗಬೇಡಿ. ಮಾಸು ಹುಟ್ಟುವುದು ಮಗು ಹುಟ್ಟುವ ಅದೇ ಭ್ರೂಣದಿಂದ. ಅಂದರೆ ಅದರ ಅರ್ಧ ಜೀನುಗಳು ಅಪ್ಪನವು. ಶುಗರ್ ಗಂಡನಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಸೊಸೆಯ ಬಾಯಿಯನ್ನೇ ದೂರುವ ಮೊದಲು ಇದು ನೆನಪಿರಲಿ, ಅಲ್ವಾ?

"ಅವಳು ಕಡ್ಡಿ ಥರ ಇದ್ದಾಳೆ, ಅವಳಿಗೆಲ್ಲಿಯ ಶುಗರ್" ಅನ್ನುವುದೂ ನಡೆಯುವುದಿಲ್ಲ. ನಮ್ಮವರಲ್ಲಿ ತೂಕ ಕಡಿಮೆ ಇದ್ದರೂ ಸ್ನಾಯು ಕಮ್ಮಿ, ಒಳಗಿನ ಕೊಬ್ಬು ಜಾಸ್ತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಜನರಿಗೆ ಶುಗರ್ ಇತ್ತು. ಮಾಂಸ, ಮೊಟ್ಟೆ, ಹಾಲಿನಿಂದ ಸಿಗುವ ಬಿ12 ವಿಟಮಿನ್ ಕಡಿಮೆ ಇದ್ದವರಲ್ಲಿ ಅದು ಇನ್ನೂ ಹೆಚ್ಚು ಕಂಡಿತು. ತಂಬುಳಿ, ಸಾರು, ಅನ್ನದಲ್ಲೇ ದಿನ ಕಳೆಯುವ ನಮ್ಮ ಸಸ್ಯಾಹಾರಿ ಮನೆಗಳು ಇದನ್ನು ಗಮನಿಸಬೇಕು.

ಹಾಗಂತ ಊಟ ಲೆಕ್ಕಕ್ಕಿಲ್ಲ ಅಂತಲ್ಲ. ಶುಗರ್ ಬಂದ ಮೇಲೆ ಮೊದಲ ಔಷಧ ಊಟವೇ. ಗುಡ್ಡೆ ಅನ್ನ, ಜೋನಿ ಬೆಲ್ಲ ಕಡಿಮೆ ಮಾಡಲೇಬೇಕು. "ಇಬ್ಬರ ಊಟ ಮಾಡು" ಅನ್ನುವುದನ್ನು ಅಜ್ಜಿಯರು ದಯವಿಟ್ಟು ಬಿಡಬೇಕು. ಎರಡು ವಾರ ಪಥ್ಯ ಮಾಡಿದರೂ ಇಳಿಯದಿದ್ದರೆ ಡಾಕ್ಟರು ಔಷಧ ಶುರು ಮಾಡುತ್ತಾರೆ. ಇನ್ಸುಲಿನ್ ಅಂದರೆ ಹೆದರಬೇಡಿ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ, ಇನ್ಸುಲಿನ್ ದಾಟುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ಸರ್ಕಾರದ ಪದ್ಧತಿ ನನಗೆ ಇಷ್ಟ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಶುಗರ್. ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಹೊಸನಗರದ ಒಳಗಿನ ಹಳ್ಳಿಯಿಂದ ಮಳೆಯಲ್ಲಿ ಬಸ್ಸು ಹಿಡಿದು ಬರುವವಳಿಗೆ ಇದು ಎಷ್ಟು ದೊಡ್ಡ ಅನುಕೂಲ! ಆಶಾ ಕಾರ್ಯಕರ್ತೆ ಮೊದಲ ಸಲ ಕರೆದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಿ. ಮೊದಲ ಸಲ ನಾರ್ಮಲ್ ಬಂತು ಅಂತ ಎರಡನೆಯದನ್ನು ಬಿಡಬೇಡಿ, ಮಾಸಿನ ಹಾರ್ಮೋನುಗಳ ಆಟ ಜೋರಾಗುವುದೇ ಆಮೇಲೆ.

ಇನ್ನು ನಮ್ಮಲ್ಲಿ ಪೂರ್ತಿ ತಪ್ಪಿಹೋಗುವುದು ಹೆರಿಗೆಯಾದ ಆರು ವಾರಕ್ಕೆ ಮಾಡಿಸಬೇಕಾದ ಟೆಸ್ಟ್. ಮಾಸು ಬಿದ್ದ ಮೇಲೆ ಶುಗರ್ ಇಳಿಯುತ್ತದೆ, ಮನೆಯವರು ನಿರಾಳ. ಅವಳು ತವರಿನಲ್ಲಿ ಬಾಣಂತನದಲ್ಲಿರುತ್ತಾಳೆ, ಲೇಹ್ಯ, ತುಪ್ಪ ಎಲ್ಲ ನಡೆದಿರುತ್ತದೆ. ಬೀಟಾ ಕೋಶಗಳ ದೌರ್ಬಲ್ಯ ಮಾತ್ರ ಹಾಗೇ ಉಳಿದಿರುತ್ತದೆ. ಒಮ್ಮೆ ಹೀಗೆ ಶುಗರ್ ಬಂದವಳಿಗೆ ಮುಂದೆ ಟೈಪ್ 2 ಬರುವ ಸಾಧ್ಯತೆ ಏಳು ಪಟ್ಟಿಗಿಂತಲೂ ಜಾಸ್ತಿ. ಹುಟ್ಟಿದಾಗ ಹಾಕುವ ಲಸಿಕೆಗಳಾದ ಮೇಲೆ ಮಗುವಿನ ಮುಂದಿನ ಲಸಿಕೆಗಳು ಆರನೇ ವಾರಕ್ಕೇ ಬರುತ್ತವೆ. ಅದೇ ದಿನ, ಅದೇ ಆಸ್ಪತ್ರೆಯಲ್ಲಿ, ಅವಳ ರಕ್ತವನ್ನೂ ಕೊಡಿಸಿಕೊಂಡು ಬನ್ನಿ.