ಹತ್ತು ಹಾಳೆ ಐದಾಗುವ ಪಾಠ

ಕೇಳುಗರಿಗೆ ನಮಸ್ಕಾರ. ಶಾಲೆಯ ರದ್ದಿಯಿಂದ ಮಕ್ಕಳ ಕೈಯಲ್ಲಿ ಮತ್ತೆ ಕಾಗದ ಮಾಡಿಸಬೇಕೆಂದಿರುವ ಶಿಕ್ಷಕರಿಗಾಗಿ ಈ ಮಾತು.

ಕೆಲಸ ಶುರುವಾಗಬೇಕಾದದ್ದು ತಕ್ಕಡಿಯಿಂದ. ತರಗತಿಯ ಒಂದು ವಾರದ ರದ್ದಿಯನ್ನು ಮಕ್ಕಳೇ ತೂಗಲಿ. ಒಂದು ಮಗ್ಗುಲು ಖಾಲಿ ಇರುವ ಹಾಳೆಗಳನ್ನು ಹೊಲಿದು ರಫ್ ಪುಸ್ತಕ ಮಾಡಿ, ಅವನ್ನು ನೆನೆಹಾಕಬೇಡಿ. ಮಿರುಗುವ ಹಾಳೆ, ಟೀ ಕಪ್ಪು ಬೇಡ. ಕಪ್ಪಿನ ಒಳಗಿನ ಪ್ಲಾಸ್ಟಿಕ್ ಪದರ ಎಷ್ಟು ನೆನೆದರೂ ತಿರುಳಾಗುವುದಿಲ್ಲ. ಸ್ಟೇಪ್ಲರ್ ಪಿನ್ನುಗಳನ್ನು ಒಂದೂ ಬಿಡದೆ ಕೀಳಿಸಿ.

ಎ4 ಅಳತೆಯ 10 ಹಾಳೆ, ಅಂದರೆ ಸುಮಾರು 50 ಗ್ರಾಂ, ಸಾಕು. ಹೆಬ್ಬೆರಳಗಲದ ಚೂರುಗಳಾಗಿ ಕೈಯಲ್ಲೇ ಹರಿದು ರಾತ್ರಿಯಿಡೀ ನೆನೆಸಿ. ಕತ್ತರಿ ಹಾಕಿದರೆ ನಾರು ತುಂಡಾಗುತ್ತದೆ. ಮಾರನೆಯ ದಿನ ಒಂದು ಹಿಡಿಗೆ ಮುಕ್ಕಾಲು ಜಾರು ನೀರು ಹಾಕಿ, ಮಿಕ್ಸಿಯನ್ನು ದೊಡ್ಡವರೇ ಬಿಟ್ಟು ಬಿಟ್ಟು ಅರ್ಧ ನಿಮಿಷ ತಿರುಗಿಸಲಿ. ನುಣ್ಣಗಾಗಲೆಂದು ಇನ್ನೂ ರುಬ್ಬಿದರೆ ನಾರು ಗಿಡ್ಡವಾಗಿ, ಹಾಳೆ ಮುಟ್ಟಿದರೆ ಹರಿಯುತ್ತದೆ.

ಇದನ್ನು 10 ಲೀಟರ್ ನೀರಿನ ಟಬ್ಬಿಗೆ ಸುರಿಯಿರಿ. ನೀರು ಮಜ್ಜಿಗೆಯಷ್ಟು ತೆಳುವಾಗಿರಬೇಕು. ಬರೆಯುವ ಹಾಳೆ ಬೇಕಿದ್ದರೆ ಒಂದು ಲೋಟ ಅನ್ನದ ಗಂಜಿ ಸೇರಿಸಿ, ಶಾಯಿ ಹರಡುವುದು ಕಡಿಮೆಯಾಗುತ್ತದೆ.

ಅರ್ಧ ಎ4 ಅಳತೆಯ ಮರದ ಚೌಕಟ್ಟಿಗೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಹೊಡೆಯಿರಿ. ಜಾಲರಿ ಜೋತುಬಿದ್ದರೆ ಹಾಳೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ನಾರು ತಳಕ್ಕಿಳಿಯುತ್ತದೆ, ಹಾಗಾಗಿ ಪ್ರತಿ ಸಲವೂ ಟಬ್ಬು ಕಲಕಿ. ಚೌಕಟ್ಟನ್ನು ಓರೆಯಾಗಿ ಮುಳುಗಿಸಿ ಸಮವಾಗಿ ಮೇಲೆತ್ತಿ, ನೀರು ಇಳಿಯುತ್ತಿರುವಾಗಲೇ ಅತ್ತಿತ್ತ ಹಿಂದೆಮುಂದೆ ಮೆಲ್ಲನೆ ಅಲುಗಿಸಿದರೆ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರು ಇಳಿದ ಮೇಲೆ ಅಲುಗಿಸಿದರೆ ಬಿರುಕು ಬಿಡುತ್ತದೆ. ಒದ್ದೆ ಹತ್ತಿಬಟ್ಟೆಯ ಮೇಲೆ ಮಗುಚಿ, ಜಾಲರಿಯ ಬೆನ್ನಿಗೆ ಸ್ಪಂಜು ಒತ್ತಿ ನೀರು ಹೀರಿ, ಒಂದು ಅಂಚಿನಿಂದ ಎತ್ತಿ. ಹಾಳೆ ಜಾಲರಿಗೇ ಅಂಟಿತೇ? ನೀರು ಪೂರ್ತಿ ಹೀರಿಲ್ಲ, ಇಲ್ಲವೇ ಬಟ್ಟೆ ಒಣಗಿತ್ತು. ಮೇಲೊಂದು ಬಟ್ಟೆ, ಹಲಗೆ, ಕಲ್ಲು ಹೇರಿ. ಆಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಮುದುಡುತ್ತದೆ.

ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿಯಲು ಮಕ್ಕಳಿಗೆ ಹೇಳಿ: ಅರೆಯದೆ ಉಳಿದ ಚೂರೊಂದರಲ್ಲಿ ಯಾರದೋ ಅಕ್ಷರದ ಅರ್ಧ ಕಂಡೀತು. ಆಮೇಲೆ ಎಣಿಸಲಿ. ಸಿಕ್ಕುವುದು ಹೆಚ್ಚೆಂದರೆ ಚಿಕ್ಕ ಅಳತೆಯ 10 ಹಾಳೆ. ಕೈಕಾಗದ ದಪ್ಪ, ಹಾಗಾಗಿ ಹತ್ತು ಕೊಟ್ಟು ಐದರಷ್ಟು ಪಡೆದಂತಾಯಿತು. ರಫ್ ಪುಸ್ತಕ ಏಕೆ ಮೊದಲು ಎಂಬುದು ಮಕ್ಕಳಿಗೆ ಈ ಲೆಕ್ಕದಲ್ಲೇ ತಿಳಿಯುತ್ತದೆ.

ಟಬ್ಬಿನ ನೀರನ್ನು ಚರಂಡಿಗೆ ಚೆಲ್ಲಬೇಡಿ, ನಾರು ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಆ ನೀರನ್ನೇ ಮುಂದಿನ ತಂಡಕ್ಕೆ ಕೊಡಿ. ಉಳಿದ ತಿರುಳನ್ನು ಹಾಗೇ ಇಟ್ಟರೆ ಎರಡೇ ದಿನದಲ್ಲಿ ನಾರುತ್ತದೆ. ಹಿಂಡಿ, ಉಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿಟ್ಟರೆ ಮುಂದಿನ ತಿಂಗಳ ತರಗತಿಗೂ ಬರುತ್ತದೆ.